ಗೋಡೆಯ ಹಿಂದಿನ ಬ್ಯಾಡ್ಜುಗಳು

ಮಗಳು ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲನ್ನು ಓದಿಯೂ ಓದದವನಂತೆ ಅವನು ಬಸ್ಸಿನ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಅವಳ ತೊಡೆಯ ಮೇಲೆ ಎರಡು ಕೈಪಿಡಿಗಳಿದ್ದವು. ಒಂದು, ಈಗ ನೋಡಲು ಹೊರಟಿರುವ ದೂರದ ತರಬೇತಿ ಶಾಲೆಯದು. ಬಣ್ಣವಿಲ್ಲದ ನಾಲ್ಕು ತೆಳು ಹಾಳೆ. ಇನ್ನೊಂದು ಅವನದೇ ಆಸ್ಪತ್ರೆಯ ಶಾಲೆಯದು. ಹೊಳೆಯುವ ಕಾಗದ, ಮೊದಲ ಪುಟದಲ್ಲೇ ಬಿಳಿ ಕೋಟು ತೊಟ್ಟು ಯಂತ್ರದ ಮೇಲೆ ಕೈಯಿಟ್ಟು ನಿಂತ ಅವನ ಫೋಟೊ, ಕೆಳಗೆ 'ಹಿರಿಯ ಎಕ್ಸ್‌ರೇ ತಂತ್ರಜ್ಞರು ಮತ್ತು ಪ್ರಾಯೋಗಿಕ ಬೋಧಕರು' ಎಂಬ ಒಕ್ಕಣೆ. ಗೆರೆ ಬಿದ್ದಿದ್ದು ಅದರ ಮುಂದಿನ ಸಾಲಿಗೆ: ಕಳೆದ ಹನ್ನೊಂದು ವರ್ಷಗಳಲ್ಲಿ ನಮ್ಮ ಒಬ್ಬ ವಿದ್ಯಾರ್ಥಿಯೂ ವಿಕಿರಣದ ಮಿತಿಯನ್ನು ಮೀರಿಲ್ಲ. ಬರೆದವರು ಪ್ರಿನ್ಸಿಪಾಲರು. ಈ ಸಾಲಿನ ಮೇಲೆ ಅವರಿಗೆ ಎಷ್ಟು ಮೋಹವೆಂದರೆ ಅದನ್ನು ಗೇಟಿನ ಪಕ್ಕದ ಗೋಡೆಗೂ ಬರೆಸಿದ್ದರು. ದಿನವೂ ಎರಡು ಸಲ ಅದರ ಮುಂದೆ ಹಾದುಹೋಗುವ ಅವನು, ಸಾಲ ಕೊಟ್ಟವನ ಅಂಗಡಿ ದಾಟುವವನಂತೆ, ಅಲ್ಲಿ ಬಂದಾಗ ಮಾತ್ರ ರಸ್ತೆಯ ಆಚೆ ಬದಿಯನ್ನೇ ನೋಡುತ್ತ ಹೋಗುತ್ತಿದ್ದ. ಹಾಗೆಂದು ಆ ಸಾಲು ಸುಳ್ಳೇನಲ್ಲ. ಮೂರು ತಿಂಗಳಿಗೊಮ್ಮೆ ವಿಕಿರಣ ಅಳೆಯುವ ಪ್ರಯೋಗಾಲಯದಿಂದ ಬರುವ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆಯೂ ಸೊನ್ನೆ ಇರುತ್ತದೆ. ಎದೆಗೆ ಚುಚ್ಚಿಕೊಳ್ಳಬೇಕಾದ ಬೆಂಕಿಪೊಟ್ಟಣದಷ್ಟು ಅಗಲದ ಬ್ಯಾಡ್ಜು, ತನ್ನ ಮೇಲೆ ಎಷ್ಟು ಕಿರಣ ಬಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ಅದು ಯಾರ ಎದೆಯ ಮೇಲೂ ಇರಲಿಲ್ಲ, ಮೂವತ್ತು ಬ್ಯಾಡ್ಜುಗಳೂ ಸೀಸದ ಗೋಡೆಯ ಹಿಂದೆ ಒಂದು ಮೊಳೆಗೆ ತೂಗಾಡುತ್ತಿದ್ದವು ಎಂಬುದನ್ನು ಅದು ಹೇಳುವುದಿಲ್ಲ. ಆ ಮೊಳೆ ಹೊಡೆದವನು ಅವನೇ.

"ಅಪ್ಪ, ಹನ್ನೊಂದು ವರ್ಷ ಅಂದ್ರೆ ಕಡಿಮೆಯಾ? ಈ ಇನ್ನೊಂದರಲ್ಲಿ ಅಂಥ ಸಾಲೇ ಇಲ್ಲ ನೋಡು," ಎಂದು ಮಗಳು ತೆಳು ಹಾಳೆಗಳನ್ನು ಮಗುಚಿದಳು. "ಕಳೆದ ವರ್ಷ ಇಬ್ಬರಿಗೆ ಜಾಸ್ತಿ ಬಂದಿತ್ತು, ಕಾರಣ ಹುಡುಕಿ ಸರಿಮಾಡಿದೆವು ಅಂತ ಇವರೇ ಹಾಕ್ಕೊಂಡಿದಾರೆ. ಯಾರಾದ್ರೂ ಇದನ್ನ ಕೈಪಿಡೀಲಿ ಹಾಕ್ಕೋತಾರಾ?" ಅವನು ಹೂಂ ಅಂದ. ಹೂಂ ಅನ್ನುವುದರಲ್ಲಿ ಅವನು ಪಳಗಿದ ಕೈ. ಎರಡು ವಾರದಿಂದ ಮನೆಯಲ್ಲಿ ಇದೇ ಹೂಂ ನಡೆದಿತ್ತು. ದೂರದ ಶಾಲೆಯನ್ನೂ ಒಮ್ಮೆ ನೋಡಿ ಬರೋಣ ಎಂದು ಮೊದಲು ಬಾಯಿಬಿಟ್ಟವನು ಅವನೇ. ಯಾಕೆ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಹೆಂಡತಿ ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಹೆಗಲಿಗೆ ಹಾಕಿಕೊಂಡು ಎದುರಿಗೇ ಬಂದು ನಿಂತಿದ್ದಳು. "ಕಾಲ್ನಡಿಗೇಲಿ ಹೋಗೋ ಅಷ್ಟು ಹತ್ತಿರ ಕಾಲೇಜಿದೆ, ಅಪ್ಪನೇ ಮೇಷ್ಟ್ರು. ಅದು ಬಿಟ್ಟು ಹಾಸ್ಟೆಲ್ಲಿಗೆ ಹಾಕ್ತೀನಿ ಅಂತೀರಲ್ಲ, ನಿಮಗೆ ಏನಾಗಿದೆ ರೀ? ಹುಡುಗಿ ಏನಂದ್ಕೊಂಡಿದಾಳೆ ಗೊತ್ತಾ? ಅಪ್ಪನಿಗೆ ನನ್ನ ಮಾರ್ಕ್ಸು ನಾಚಿಕೆ, ಅದಕ್ಕೇ ದೂರ ಕಳಿಸ್ತಾನೆ ಅಂದ್ಕೊಂಡಿದಾಳೆ." ಅದು ಅವನಿಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೂ, ಅಯ್ಯೋ ಹಾಗಲ್ಲ ಎಂದು ಮಗಳಿಗೆ ಹೇಳಲಿಲ್ಲ. ಹಾಗಲ್ಲ ಅಂದರೆ ಮತ್ತೆ ಹೇಗೆ ಎಂದು ಅವಳು ಕೇಳುತ್ತಿದ್ದಳು. ಅವಳು ಹಾಗೇ ಅಂದುಕೊಂಡಿರಲಿ ಎಂದು ಬಿಟ್ಟುಬಿಟ್ಟ. ಹೆತ್ತ ಮಗಳು ತನ್ನ ಬಗ್ಗೆ ತಾನೇ ಕೀಳಾಗಿ ನೆನೆದು ಮುಖ ಸಣ್ಣದು ಮಾಡಿಕೊಂಡು ಓಡಾಡುವುದನ್ನು ಎರಡು ವಾರ ನೋಡಿಕೊಂಡು ಸುಮ್ಮನಿದ್ದ. ಇದನ್ನು ನೆನೆದಾಗ ಬಸ್ಸಿನಲ್ಲಿ ಕೂತಲ್ಲೇ ಅವನ ಕಿವಿ ಬಿಸಿಯಾಯಿತು. ಇವತ್ತು ಸಂಜೆ ಐದರೊಳಗೆ ಎರಡರಲ್ಲಿ ಒಂದು ಕಡೆ ಹೂಂ ಅನ್ನಬೇಕು. ಅಷ್ಟರೊಳಗೆ ಹೇಳಬೇಕಾದ್ದನ್ನು ಹೇಳಿಬಿಡಬೇಕು, ಇಲ್ಲವೇ ಹೇಳದೆಯೇ ಅವಳನ್ನು ಬೇರೆ ಕಡೆಗೆ ತಿರುಗಿಸಬೇಕು. ಎರಡನೆಯದು ಸಾಧ್ಯವಾದರೆ ಸಾಕಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

ಬಸ್ಸು ಒಂದು ಸೇತುವೆಯ ಮೇಲೆ ನಿಂತಿತು, ಮುಂದೆ ಏನೋ ಅಡ್ಡವಾಗಿತ್ತು. ಇಂಜಿನ್ನಿನ ಗುಂಯ್ ಎನ್ನುವ ಸದ್ದು ಸೀಟಿನಿಂದ ಬೆನ್ನುಮೂಳೆಗೆ ಹತ್ತಿತು. ಯಂತ್ರ ಬಿಸಿಯಾಗುವಾಗಲೂ ಇಂಥದೇ ಸದ್ದು. ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಬಿಡಿ. ದಿನಕ್ಕೆ ನೂರು ಸಲ, ಮೂವತ್ತೊಂದು ವರ್ಷ. ದೊಡ್ಡವರು ಹೇಳಿದಂತೆ ಕೇಳುತ್ತಾರೆ. ಮಕ್ಕಳು ಕೇಳುವುದಿಲ್ಲ. ತಣ್ಣನೆಯ ಹಲಗೆಗೆ ಬೆನ್ನು ತಾಗಿದ್ದೇ ತಡ ರಂಪ ಶುರು. ಅಲುಗಾಡಿದರೆ ಫಿಲ್ಮು ಕೆಟ್ಟಿತು, ಮತ್ತೆ ತೆಗೆಯಬೇಕು, ಅದೇ ಮಗುವಿನ ಮೇಲೆ ಇನ್ನೊಂದು ಪಾಲು ಕಿರಣ. ಆದ್ದರಿಂದ ಯಾರಾದರೂ ಒಳಗೆ ನಿಂತು ಹಿಡಿಯಬೇಕು. ಹೊರಗೆ ಸಾಲು ಬೆಳೆದಿರುತ್ತದೆ, ತಾಯಂದಿರು ಅಳುತ್ತ ಕೈ ಸಡಿಲ ಬಿಡುತ್ತಾರೆ, ಅಪ್ಪಂದಿರು ಫೋನಿನಲ್ಲಿರುತ್ತಾರೆ. ಹಾಗಾಗಿ ವಿದ್ಯಾರ್ಥಿಗಳು ಹಿಡಿಯುತ್ತಿದ್ದರು. ಹಿಡಿಯುವುದು ಆ ಮಗುವಿನ ಒಳ್ಳೆಯದಕ್ಕೇ, ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಅವನು ಹೇಳುತ್ತಿದ್ದ. ಹೇಳುವಾಗ ನಂಬುತ್ತಲೂ ಇದ್ದ. ಹನ್ನೆರಡು ವರ್ಷದ ಹಿಂದಿನ ತಂಡದಲ್ಲಿ ಒಬ್ಬಳಿದ್ದಳು, ನಾಲ್ಕು ಅಡಿ ಚಿಲ್ಲರೆ ಎತ್ತರದವಳು, ಅವನೇ ಗುಬ್ಬಿ ಎಂದು ಹೆಸರಿಟ್ಟಿದ್ದ. ಎಂಥ ಮಗುವಾದರೂ ಅವಳು ಕಿವಿಯಲ್ಲಿ ಏನೋ ಗುಟ್ಟು ಹೇಳಿದರೆ ಗಪ್‌ಚಿಪ್ಪಾಗುತ್ತಿತ್ತು. ಏನು ಹೇಳ್ತೀಯೇ ಎಂದರೆ ಅದು ನಮ್ಮಿಬ್ಬರ ವ್ಯವಹಾರ ಸರ್ ಅನ್ನುತ್ತಿದ್ದಳು. ಮಗು ಬಂತೆಂದರೆ ಗುಬ್ಬೀ ಎಂದು ಕೂಗು. ಬೆಳಿಗ್ಗೆ ಹತ್ತು, ಮಧ್ಯಾಹ್ನ ಹತ್ತು. ಊಟದ ಡಬ್ಬಿ ಬಿಚ್ಚಿಟ್ಟು ಬಂದು ಹಿಡಿದು ಹೋಗುತ್ತಿದ್ದಳು. ಒಂದು ವರ್ಷ ಕಳೆದ ಮೇಲೆ ಪ್ರಯೋಗಾಲಯದ ಪಟ್ಟಿಯಲ್ಲಿ ಅವಳ ಹೆಸರಿನ ಸುತ್ತ ಕೆಂಪು ಸುತ್ತು ಬಂತು, ಜೊತೆಗೆ ಕಾರಣ ತಿಳಿಸಿ ಎಂದು ಪತ್ರ. ಪ್ರಿನ್ಸಿಪಾಲರು ಮೂರು ದಿನ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅವನೇ ಕೂತು ಅವಳ ಹೆಸರಿನಲ್ಲಿ ಉತ್ತರ ಬರೆದ: ಅಜಾಗರೂಕತೆಯಿಂದ ನಾನು ನನ್ನ ಬ್ಯಾಡ್ಜನ್ನು ಎಕ್ಸ್‌ರೇ ಕೋಣೆಯಲ್ಲೇ ಬಿಟ್ಟು ಹೋಗಿದ್ದೆ. ಅವಳು ಓದಿ, "ನಾನು ಬಿಟ್ಟಿರಲಿಲ್ಲವಲ್ಲ ಸರ್," ಎಂದಳು. "ಹಾಗೆ ಬರೀಬೇಕು ಪುಟ್ಟಿ. ಇಲ್ಲದಿದ್ರೆ ನಿನ್ನನ್ನ ಆರು ತಿಂಗಳು ಮನೇಲಿ ಕೂರಿಸ್ತಾರೆ," ಎಂದ ಅವನು. ಮನೆಯಲ್ಲಿ ಮಗಳನ್ನು ಕರೆಯುವ ಹೆಸರು ಅಲ್ಲಿ ಹೇಗೆ ಬಾಯಿಗೆ ಬಂತೋ. ಗುಬ್ಬಿ ಸಹಿ ಹಾಕಿದಳು. ಆ ಮೂರು ತಿಂಗಳ ಅಂಕಿಯನ್ನು ಪ್ರಯೋಗಾಲಯದವರು ಹೊಡೆದುಹಾಕಿದರು. ಮರುದಿನವೇ ಅವನು ಮೊಳೆ ಹೊಡೆದ. ಕಳೆದುಹೋಗ್ತವೆ, ಇಲ್ಲೇ ತೂಗುಹಾಕಿ ಎಂದ. ಎರಡನೆಯ ವರ್ಷದ ಹೊತ್ತಿಗೆ ಯಾರಿಗೂ ಹೇಳಬೇಕಾಗಲಿಲ್ಲ, ಹಳಬರು ಹೊಸಬರಿಗೆ ಮೊದಲ ದಿನವೇ ತೋರಿಸಿಕೊಡುತ್ತಿದ್ದರು.

ಏಪ್ರನ್ ಹಾಕಿಕೊಂಡಿದ್ದರಲ್ಲ ಎಂದು ಎಷ್ಟು ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹಾಕಿಕೊಂಡಿದ್ದರು, ನಿಜ. ಸೀಸದ ಏಪ್ರನ್ನನ್ನು ಬಟ್ಟೆಯಂತೆ ಮಡಿಸಿಡಬಾರದು, ಕೋಲಿಗೆ ತೂಗುಹಾಕಬೇಕು. ಅವನ ವಿಭಾಗದಲ್ಲಿ ಕೋಲಿಗೆ ಜಾಗವಿರಲಿಲ್ಲ, ಮಡಿಸಿ ಮಡಿಸಿ ಕುರ್ಚಿಯ ಮೇಲೆ ಎಸೆಯುತ್ತಿದ್ದರು. ಒಂದು ಮಧ್ಯಾಹ್ನ ರೋಗಿಗಳು ಕಡಿಮೆ ಇದ್ದಾಗ ಸುಮ್ಮನೆ ಕುತೂಹಲಕ್ಕೆ ಏಪ್ರನ್ನನ್ನೇ ಹಲಗೆಯ ಮೇಲೆ ಹಾಸಿ ಅದರ ಎಕ್ಸ್‌ರೇ ತೆಗೆದಿದ್ದ. ಹೊರಗಿನ ಬಟ್ಟೆ ಹೊಸದರಂತಿತ್ತು. ಫಿಲ್ಮಿನಲ್ಲಿ ಮಾತ್ರ, ಸೀಸ ಕಿರಣ ತಡೆದು ಬೆಳ್ಳಗಿರಬೇಕಾದ ಕಡೆ, ಹೊಟ್ಟೆಯ ಮಟ್ಟಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಪ್ಪು ಬಿರುಕು ಓಡಿತ್ತು. ಅವನು ಆ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹೊಸದಕ್ಕೆ ಅರ್ಜಿ ಬರೆದ. ಹೊಸದು ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ, ಏಪ್ರನ್ ಹಾಕ್ಕೊಳ್ರೇ ಎಂದು ಬೈದು ಬೈದು ಹುಡುಗಿಯರಿಗೆ ಅದನ್ನೇ ತೊಡಿಸುತ್ತಿದ್ದ. "ಅಪ್ಪ, ಬೆವರ್ತಾ ಇದೀಯಲ್ಲ," ಎಂದು ಮಗಳು ಕೈಪಿಡಿಯಿಂದ ಗಾಳಿ ಬೀಸಿದಳು. ಹೊಳೆಯುವ ಕಾಗದದ ಮೇಲಿನ ಅವನ ಮುಖ ಅವನ ಮುಖದ ಮುಂದೆಯೇ ಹಿಂದಕ್ಕೂ ಮುಂದಕ್ಕೂ ಆಡಿತು. ಸೇತುವೆಯ ಮೇಲಿನ ಅಡ್ಡಿ ತೆರವಾಗಿ ಬಸ್ಸು ಹೊರಟಿತು.

ದೂರದ ಶಾಲೆ ಒಂದು ಹಳೆಯ ಗೋದಾಮಿನಂಥ ಕಟ್ಟಡದಲ್ಲಿತ್ತು. ಹೊಳಪು ಏನೂ ಇಲ್ಲ. ಎಕ್ಸ್‌ರೇ ವಿಭಾಗದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಮೊದಲ ವರ್ಷದ ಹುಡುಗಿ ಎದ್ದು, "ಬ್ಯಾಡ್ಜ್ ಇಲ್ದೆ ಒಳಗೆ ಬಿಡಲ್ಲ ಸರ್, ಇದನ್ನ ಹಾಕ್ಕೊಳ್ಳಿ," ಎಂದು ಬಂದವರಿಗೆಂದು ಇಟ್ಟಿದ್ದ, ಕಿರಣ ಅಳೆಯುವ ಪೆನ್ನಿನಂಥ ಮೀಟರನ್ನು ಕೊಟ್ಟಳು. ನಾನೂ ಇದೇ ಕೆಲಸದವನಮ್ಮಾ ಎಂದ. "ಹಾಗಿದ್ರೆ ನಿಮಗೆ ಗೊತ್ತೇ ಇರುತ್ತಲ್ಲ ಸರ್," ಎಂದಳು, ಮರ್ಯಾದೆಯಿಂದಲೇ. ಜೇಬಿಗೆ ಸಿಕ್ಕಿಸಿಕೊಳ್ಳಲು ಹೋದರೆ ಕ್ಲಿಪ್ಪು ಬಟ್ಟೆ ಹಿಡಿಯಲೊಲ್ಲದು. ಎರಡು ಸಲ ಕೆಳಗೆ ಬಿತ್ತು. ಮಗಳು ನಗುತ್ತ ಬಗ್ಗಿ ಎತ್ತಿ, ಚಿಕ್ಕ ಮಗುವಿಗೆ ಗುಂಡಿ ಹಾಕುವಂತೆ ಅವನ ಜೇಬಿಗೆ ಸಿಕ್ಕಿಸಿದಳು. "ಮೂವತ್ತೊಂದು ವರ್ಷದ ಸರ್ವೀಸು," ಎಂದು ಆ ಹುಡುಗಿಗೆ ಹೇಳಿ ಕಣ್ಣು ಮಿಟುಕಿಸಿದಳು. ಇಬ್ಬರೂ ನಕ್ಕರು, ಅವನೂ ನಕ್ಕ. ಆಗ ಒಳಗಿನಿಂದ ದಪ್ಪನೆಯ ಹೆಂಗಸೊಬ್ಬಳು ಬಂದಳು, ಎದೆಯ ಮೇಲೆ ಬ್ಯಾಡ್ಜು, ಕೊರಳಲ್ಲಿ ಬೀಗದ ಕೈ. ಅವನನ್ನು ಕಂಡು ನಿಂತಳು. ಎತ್ತರ ಮಾತ್ರ ಅಷ್ಟೇ ಇತ್ತು. "ಸರ್," ಎಂದಳು. ಗುಬ್ಬಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ನೀವು... ನೀನು ಇಲ್ಲಿದ್ದೀಯಾ," ಎಂದ. ಎದೆ ಧಸಕ್ಕೆಂದದ್ದು ನಿಜ. ಆದರೆ ಅದರ ಹಿಂದೆಯೇ ಇನ್ನೊಂದು ಏನೋ ಉಕ್ಕಿ ಬಂತು, ಅದಕ್ಕೆ ಅವನು ತಯಾರಿರಲಿಲ್ಲ. ಎಷ್ಟು ದಪ್ಪಗಾಗಿದ್ದಾಳೆ. ಕೆನ್ನೆ ತುಂಬಿದೆ, ಕೂದಲು ದಟ್ಟವಾಗಿದೆ. ಅವಳು ಕೆಲಸ ಬಿಟ್ಟಳಂತೆ, ಏನೋ ಮೈ ಸರಿಯಿಲ್ಲವಂತೆ ಎಂದು ಯಾರೋ ಕ್ಯಾಂಟೀನಿನಲ್ಲಿ ಹೇಳಿದ್ದರು, ಏಳೆಂಟು ವರ್ಷದ ಹಿಂದೆ. ಏನು ಕಾಯಿಲೆ ಎಂದು ಅವನು ಕೇಳಿರಲಿಲ್ಲ. ಎಲ್ಲ ಸುಳ್ಳು. ಗುಂಡುಕಲ್ಲಿನಂತಿದ್ದಾಳೆ. ಅವನಿಗೆ ಅವಳ ಕೈ ಹಿಡಿದು ಅತ್ತುಬಿಡಬೇಕು ಅನ್ನಿಸಿತು. ಅವಳಿಗಾಗಿ ಅಲ್ಲ, ತಾನು ಬಚಾವಾದೆ ಎಂದು.

ಗುಬ್ಬಿ ಈಗ ಇಲ್ಲಿಯ ಬೋಧಕಿ. ತಾನೇ ಕರೆದುಕೊಂಡು ಹೋಗಿ ಎಲ್ಲ ತೋರಿಸಿದಳು. ಏಪ್ರನ್ನುಗಳು ದಪ್ಪ ಕೋಲಿಗೆ ಒಂದೊಂದಾಗಿ ತೂಗುತ್ತಿದ್ದವು, ಪ್ರತಿಯೊಂದರ ಪಕ್ಕದಲ್ಲೂ ಅದರದೇ ಆ ವರ್ಷದ ಎಕ್ಸ್‌ರೇ ಅಂಟಿಸಿತ್ತು. ಎಲ್ಲ ಬೆಳ್ಳಗೆ, ಒಂದು ಗೆರೆಯಿಲ್ಲ. ಮಕ್ಕಳನ್ನು ಮಲಗಿಸುವ ತೊಟ್ಟಿಲಿನಂಥ ಚೌಕಟ್ಟಿತ್ತು, ಅಗಲವಾದ ಪಟ್ಟಿಗಳು, ಮರಳಿನ ಚೀಲಗಳು, ಸ್ಪಂಜುಗಳು. "ನಮ್ಮ ಹುಡುಗೀರು ಹಿಡಿಯಲ್ಲ. ಪಟ್ಟಿ ಕಟ್ತೀವಿ. ಅದೂ ಆಗಲ್ಲ ಅಂದ್ರೆ ಮನೆಯವರಿಗೇ ಏಪ್ರನ್ ಹಾಕಿಸಿ ಹಿಡಿಸ್ತೀವಿ, ಅವರು ಜೀವಮಾನದಲ್ಲಿ ಒಂದು ಸಲ ಹಿಡೀತಾರೆ. ಹೊತ್ತು ಹಿಡಿಯುತ್ತೆ, ಸಾಲು ಬೆಳೆಯುತ್ತೆ, ಹೊರಗಡೆ ಬೈಸ್ಕೋತೀವಿ," ಎಂದಳು ಗುಬ್ಬಿ. ಮಗಳು ಆ ಚೌಕಟ್ಟನ್ನೇ ನೋಡುತ್ತ, "ಅಪ್ಪನ ಡಿಪಾರ್ಟ್‌ಮೆಂಟಲ್ಲಿ ಇಷ್ಟೆಲ್ಲ ಇಲ್ಲ. ಅಲ್ಲಿ ಒಂದು ನಿಮಿಷಕ್ಕೆ ಒಂದು ಫಿಲ್ಮ್ ಹೊರಗೆ ಬರುತ್ತೆ," ಎಂದಳು. ಅದರಲ್ಲಿ ಅಪ್ಪನ ಬಗ್ಗೆ ಹೆಮ್ಮೆಯಿತ್ತು. "ಹೌದು, ಸರ್ ಕೈ ಬಹಳ ಚುರುಕು. ನನಗೆ ಕೆಲಸ ಕಲಿಸಿದವರೇ ಅವರು. ನಾನು ಅಲ್ಲಿ ಹಿಡಿಯದ ಮಗು ಇಲ್ಲ," ಎಂದಳು ಗುಬ್ಬಿ, ಅವನ ಮುಖ ನೋಡದೆ. ಮಗಳ ಮುಖ ಅರಳಿತು. ತಾನು ಹೊಗಳಿಕೆ ಕೇಳುತ್ತಿದ್ದೇನೆ ಎಂದೇ ಅವಳು ತಿಳಿದಳೋ ಏನೋ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು, ಎಲ್ಲರೂ ಗೋಡೆಯ ಹಿಂದೆ ಸರಿದರು, ಯಂತ್ರ ಗುಂಯ್ ಎಂದು ಟಕ್ ಎಂದಿತು. ಅವನ ಜೇಬಿನಲ್ಲಿದ್ದ ಪೆನ್ನು ಏನೂ ಹೇಳಲಿಲ್ಲ.

ಮಗಳು ಹಾಸ್ಟೆಲ್ಲು ನೋಡಲು ಆ ಮೊದಲ ವರ್ಷದ ಹುಡುಗಿಯ ಜೊತೆ ಹೋದಾಗ ಅವರಿಬ್ಬರೇ ಉಳಿದರು. ಗುಬ್ಬಿ ಅವನಿಗೆ ಕುರ್ಚಿ ಎಳೆದು ಕೊಟ್ಟು ತಾನು ನಿಂತೇ ಇದ್ದಳು, ಹಿಂದೆ ನಿಲ್ಲುತ್ತಿದ್ದ ಹಾಗೆಯೇ. ಅವನು ಆರೋಗ್ಯ ಹೇಗಿದೆ ಎಂದು ಕೇಳಿದ. ಹನ್ನೊಂದು ವರ್ಷಕ್ಕೆ ಕೇಳಿದ ಪ್ರಶ್ನೆ.

"ಚೆನ್ನಾಗಿದೀನಿ ಸರ್. ಆರು ತಿಂಗಳಿಗೊಮ್ಮೆ ರಕ್ತ ತೋರಿಸ್ತೀನಿ. ಏನೂ ಇಲ್ಲ ಅಂತಾರೆ. ತೋರಿಸೋಕೆ ಹೋಗೋ ಮುಂಚೆ ಒಂದು ವಾರ ನಿದ್ದೆ ಬರಲ್ಲ, ಅಷ್ಟೆ."

"ಏನೂ ಇಲ್ಲ ಅಂದ ಮೇಲೆ ಯಾಕೆ ತಲೆ ಕೆಡಿಸ್ಕೋತೀಯಾ?"

"ಎಷ್ಟು ಬಿದ್ದಿದೆ ಅಂತ ಡಾಕ್ಟ್ರು ಕೇಳ್ತಾರೆ ಸರ್. ನನ್ನ ಹತ್ರ ಉತ್ತರ ಇಲ್ಲ. ಒಂದು ಸಲದ್ದು ಹೊಡೆದುಹಾಕಿದಾರೆ, ಆಮೇಲೆ ಎಲ್ಲಾ ಸೊನ್ನೆ. ಇಷ್ಟು ಅಂತ ಗೊತ್ತಿದ್ದಿದ್ರೆ ಹೆದರಿಕೆಗೂ ಒಂದು ಅಳತೆ ಇರ್ತಿತ್ತು." ಸಿಟ್ಟಿನಿಂದ ಹೇಳಿದ್ದರೆ ಅವನು ಏನಾದರೂ ತಿರುಗಿ ಹೇಳುತ್ತಿದ್ದನೇನೋ. ಅವಳು ಪಕ್ಕದ ಮನೆಯವರ ಸುದ್ದಿ ಹೇಳುವಂತೆ ಹೇಳಿದಳು. ಆಮೇಲೆ, "ಈಗಲೂ ಅಲ್ಲೇ ತೂಗುಹಾಕ್ತಾರಾ ಸರ್?" ಎಂದಳು. ಅವನು ತಲೆ ಆಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ ಆಡಿಸಿದ. ಅವಳಿಗೆ ತಿಳಿಯಿತು. "ನಮ್ಮಲ್ಲಿ ಒಂದೇ ಸೀಟು ಉಳಿದಿದೆ. ಐದು ಗಂಟೆವರೆಗೆ ಬೇರೆಯವರಿಗೆ ಕೊಡದೆ ಇಟ್ಟಿರ್ತೀನಿ. ನಿಮ್ಮ ಮಗಳು ಅಂತ ಹೇಳ್ತಿದೀನಿ ಸರ್, ಇಲ್ಲಿಗೇ ಹಾಕಿ." ಅವನು, "ಅವಳಿಗೆ ಏನೂ ಹೇಳ್ಬೇಡ," ಎಂದ. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಳ್ಳುವಂತಾಯಿತು. "ನಾನ್ಯಾಕೆ ಹೇಳಲಿ ಸರ್, ಹೇಳೋದಿದ್ರೆ ಅದು ನೀವು ಹೇಳೋ ಮಾತು," ಎಂದಳು ಗುಬ್ಬಿ. ಮೆಟ್ಟಿಲ ಮೇಲೆ ಮಗಳ ಚಪ್ಪಲಿಯ ಸದ್ದು ಕೇಳಿ ಇಬ್ಬರೂ ಮುಖ ಸಡಿಲಿಸಿಕೊಂಡರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕಾಗದದ ಲೋಟದಲ್ಲಿ ಚಹಾ ಹಿಡಿದು ಕೂತಾಗ ನಾಲ್ಕೂಕಾಲು. ಎದುರಿನ ಗಡಿಯಾರದ ಕೆಳಗೆ ಒಬ್ಬ ನೆಲ ಒರೆಸುತ್ತಿದ್ದ, ಒರೆಸಿದ ಕಡೆಯೇ ಜನ ತುಳಿದು ಹೋಗುತ್ತಿದ್ದರು. "ನಾನು ಡಿಸೈಡ್ ಮಾಡಿದೆ ಅಪ್ಪ, ನಮ್ಮ ಊರಿನದೇ," ಎಂದಳು ಮಗಳು. "ಈ ಮೇಡಂ ಒಳ್ಳೆಯವರು, ಆದ್ರೆ ಇಲ್ಲಿ ಎಲ್ಲದಕ್ಕೂ ಒಂದು ರೂಲು. ಹಾಸ್ಟೆಲ್ಲಿನ ಕಿಟಕಿ ಒಂದು ಗೋಡೆಗೆ ತೆರೆಯುತ್ತೆ." ಅವನು ಚಹಾದ ಲೋಟದ ಅಂಚನ್ನು ಉಗುರಿನಿಂದ ಕೆರೆದ. ಈಗ ಎಂದುಕೊಂಡ. ಬಾಯಿ ತೆರೆದ, ಒಂದು ಬಸ್ಸು ಹಾರ್ನ್ ಹಾಕುತ್ತ ಹಿಂದಕ್ಕೆ ಬಂತು, ಬಾಯಿ ಮುಚ್ಚಿದ. ಬಸ್ಸು ಹೋಯಿತು. ಇವಳು ನಾಳೆ ಆ ಹಲಗೆಯ ಪಕ್ಕದಲ್ಲಿ ನಿಂತಿರುತ್ತಾಳೆ, ಮಗುವಿನ ಎರಡು ತೋಳು ಹಿಡಿದು, ಮುಖ ಆ ಕಡೆ ತಿರುಗಿಸಿ. ಗೋಡೆಯ ಈಚೆ ನಿಂತು ಗುಂಡಿ ಒತ್ತುವವನು ತಾನು. ಈ ಚಿತ್ರ ಎರಡು ವಾರದಿಂದ ಅವನ ಬೆನ್ನು ಬಿಟ್ಟಿರಲಿಲ್ಲ. ಗಾಜಿನ ಕಿಂಡಿಯಲ್ಲಿ ಅವಳ ಜಡೆ ಮಾತ್ರ ಕಾಣುತ್ತದೆ. ಅವನ ಬೆರಳು ಒತ್ತುತ್ತದೆ. "ಪುಟ್ಟಿ," ಎಂದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. "ಆ ಹನ್ನೊಂದು ವರ್ಷದ ಸಾಲು ಇದೆಯಲ್ಲ. ಅದು ನಂಬೋ ಹಾಗಿಲ್ಲ." ಮತ್ತೆ ನಿಲ್ಲಲಿಲ್ಲ. ಮೊಳೆ, ಪತ್ರ, ಹೊಡೆದುಹಾಕಿದ ಅಂಕಿ, ಬಿರುಕು ಬಿಟ್ಟ ಏಪ್ರನ್, ಎಲ್ಲ ಹೇಳಿದ. ಈಗ ನೋಡಿ ಬಂದ ಮೇಡಂ ಯಾರು ಎಂಬುದನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಾರದೆ ನೆಲ ಒರೆಸುವವನ ಕೈಯನ್ನೇ ನೋಡುತ್ತಿದ್ದ. ಹೇಳಿ ಮುಗಿಸಿದಾಗ ಚಹಾ ತಣ್ಣಗಾಗಿತ್ತು. ಇನ್ನು ಇವಳು ನನ್ನನ್ನು ಅಪ್ಪ ಎನ್ನುವಾಗ ಆ ಮಾತಿನಲ್ಲಿ ಏನೋ ಒಂದು ಕಡಿಮೆಯಾಗಿರುತ್ತದೆ ಎಂದುಕೊಂಡ, ಆಗಲಿ ಎಂದೂ ಅಂದುಕೊಂಡ.

"ಗೊತ್ತಪ್ಪ," ಎಂದಳು ಮಗಳು.

"ಏನು ಗೊತ್ತು?"

"ಬ್ಯಾಡ್ಜ್ ವಿಷಯ. ಹೋದ ತಿಂಗಳು ನಮ್ಮೂರಿನ ಕಾಲೇಜು ನೋಡೋಕೆ ಹೋಗಿದ್ದಾಗ ಸೀನಿಯರ್ಸ್ ತೋರಿಸಿದ್ರು. ನಿಮ್ಮಪ್ಪನದೇ ಐಡಿಯಾ, ಇದರಿಂದ ನಮಗ್ಯಾರಿಗೂ ರಜೆ ಮೇಲೆ ಕೂರಿಸೋ ಕಾಟ ಇಲ್ಲ ಅಂತ ನಗ್ತಾ ಹೇಳಿದ್ರು. ಮೇಡಂ ವಿಷಯ ಮಾತ್ರ ಗೊತ್ತಿರಲಿಲ್ಲ." ಖಾಲಿ ಲೋಟವನ್ನು ಬೆಂಚಿನ ಕೆಳಗಿಟ್ಟಳು. "ಪಾಪ," ಎಂದಳು.

"ಗೊತ್ತಿದ್ದೂ ಅಲ್ಲಿಗೇ ಸೇರ್ತೀನಿ ಅಂತೀಯಾ?"

"ಹೂಂ." ಅವಳು ಅವನ ಕಡೆ ಪೂರ್ತಿ ತಿರುಗಿ ಕೂತಳು. ಮುಖದಲ್ಲಿ ತಪ್ಪು ಹುಡುಕುವಂಥದು ಏನೂ ಇರಲಿಲ್ಲ. ದೊಡ್ಡವರಿಗೆ ಫೋನು ಕಲಿಸುವಾಗ ಇರುವ ತಾಳ್ಮೆ ಇತ್ತು. "ನೀನು ಅಲ್ಲಿರುವಾಗ ನನ್ನನ್ನ ಯಾರಪ್ಪ ಹಿಡಿಯೋಕೆ ಕಳಿಸ್ತಾರೆ? ಬೇರೆ ಕಡೆ ಹೋದ್ರೆ ಅಲ್ಲಿ ರೂಲ್ ಇದೆ ಸರಿ. ಆ ಮೇಡಂ ನಾಳೆ ಕೆಲಸ ಬಿಟ್ರೆ? ರೂಲ್ ಹೋಗುತ್ತೆ. ನೀನು ಹೋಗಲ್ವಲ್ಲ. ನನಗೆ ಎಲ್ಲಕ್ಕಿಂತ ಸೇಫ್ ಅಂದ್ರೆ ನಿನ್ನ ಡಿಪಾರ್ಟ್‌ಮೆಂಟೇ."

"ಮತ್ತೆ ಮಕ್ಕಳನ್ನ ಯಾರು ಹಿಡೀತಾರೆ?"

"ಮೂವತ್ತು ಜನ ಇರ್ತೀವಿ ಅಪ್ಪ. ಯಾರಾದ್ರೂ ಇರ್ತಾರೆ."

ಅವನು ಬೈಯಬೇಕಿತ್ತು. ಎಂಥ ಮಾತಾಡ್ತೀಯೇ ಎಂದು ಕೇಳಬೇಕಿತ್ತು. ಈ ಮಾತನ್ನು ಇವಳಿಗೆ ಕಲಿಸಿದವರು ಯಾರು ಎಂದು ಯೋಚಿಸಬೇಕಿತ್ತು. ಅದೆಲ್ಲ ಬದಿಗಿರಲಿ; ಅವನಿಗಾದದ್ದು ಏನೆಂದರೆ, ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಸರಕ್ಕನೆ ಇಳಿಯಿತು. ಗಾಜಿನ ಕಿಂಡಿಯ ಆಚೆಯಿಂದ ಆ ಜಡೆ ಮಾಯವಾಯಿತು. ಇಷ್ಟು ಸುಲಭವಾದ ದಾರಿ ತನಗೇ ಯಾಕೆ ಹೊಳೆದಿರಲಿಲ್ಲ? ಹೊಳೆದಿರಲಿಲ್ಲವೇ, ಅಥವಾ ಅವಳ ಬಾಯಿಂದ ಬರಲಿ ಎಂದು ಕಾಯುತ್ತಿದ್ದೆನೇ? ಮಗಳು ಚೀಲದಿಂದ ಅರ್ಜಿ ತೆಗೆದು, ಕೈಪಿಡಿಯನ್ನು ಅಡಿಗಿಟ್ಟು, ಪೋಷಕರ ಸಹಿ ಎಂಬ ಜಾಗದ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಸಹಿ ಹಾಕಿದ. ಐದಕ್ಕೆ ಹತ್ತು ನಿಮಿಷ ಇರುವಾಗ ಗುಬ್ಬಿಗೆ ಫೋನು ಮಾಡಿ ಆ ಸೀಟು ಬೇರೆಯವರಿಗೆ ಕೊಡು ಎಂದ. "ಹೇಳಿದ್ರಾ ಸರ್?" ಎಂದು ಅವಳು ಕೇಳಿದಳು. "ಹೇಳಿದೆ," ಎಂದ, ಮೊದಲ ಸಲ ಅವಳೊಡನೆ ನಿಜ ಹೇಳಿದ. "ಸರಿ ಸರ್," ಎಂದು ಅವಳು ಫೋನಿಟ್ಟಳು.

ಬಸ್ಸು ಹತ್ತಿದ ಮೇಲೆ ಮಗಳು ಅವನ ಭುಜಕ್ಕೆ ಒರಗಿ ನಿದ್ದೆಹೋದಳು. ಇಳಿಬಿಸಿಲು ಅವಳ ಕಿವಿಯ ಮೇಲೆ ಬಿದ್ದು ಕಿವಿ ಕೆಂಪಗೆ ಕಾಣುತ್ತಿತ್ತು, ಅವನು ಪರದೆ ಎಳೆದ. ಹಗುರಾಗಿದ್ದೇನೆ, ಇನ್ನು ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಬಹುದು ಎಂದುಕೊಂಡ. ಹಾಗಂದುಕೊಳ್ಳುತ್ತಿರುವಾಗಲೇ ಮನಸ್ಸು ತನ್ನ ಪಾಡಿಗೆ ತಾನು ಎಲ್ಲಿಗೋ ಹೋಗಿ ಏನೋ ಹುಡುಕುತ್ತಿರುವುದು ಗಮನಕ್ಕೆ ಬಂತು. ಹೋದ ವಾರ ಹೊಸ ತಂಡದ ಸಂದರ್ಶನ ನಡೆದಿತ್ತು. ಪ್ರಿನ್ಸಿಪಾಲರು ಮಾರ್ಕ್ಸು ಕೇಳುತ್ತಾರೆ, ಡಾಕ್ಟರು ಮೂಳೆಗಳ ಹೆಸರು ಕೇಳುತ್ತಾರೆ. ಅವನು ಹುಡುಗಿಯರಿಗೆ ಮಾತ್ರ ಒಂದೇ ಪ್ರಶ್ನೆ ಕೇಳುವುದು, ಪ್ರತಿ ವರ್ಷವೂ ಅದೇ: ಮನೇಲಿ ಚಿಕ್ಕ ಮಕ್ಕಳಿದಾರೇನಮ್ಮಾ? ಹೆದರಿ ಕೂತವರಿಗೆ ಸ್ವಲ್ಪ ಧೈರ್ಯ ಬರಲಿ, ಮನೆಯ ಮಾತಾಡಲಿ ಎಂದು ತಾನು ಅದನ್ನು ಕೇಳುತ್ತೇನೆ ಎಂದು ಇಷ್ಟು ವರ್ಷವೂ ಅವನು ತಿಳಿದಿದ್ದ. ನಿಮ್ಮ ಹಾಗೆ ಮಕ್ಕಳನ್ನ ಮಾತಾಡಿಸೋರು ಇಲ್ಲ ಎಂದು ಪ್ರಿನ್ಸಿಪಾಲರು ಹೊಗಳಿಯೂ ಇದ್ದರು. ಹೋದ ವಾರ ಕೊನೆಗೆ ಬಂದವಳು ಬಡಕಲು ಹುಡುಗಿ, ಕುರ್ಚಿಯ ಅಂಚಿನಲ್ಲಿ ಕೂತು ಮೂಳೆಯ ಹೆಸರೆಲ್ಲ ತಪ್ಪು ಹೇಳಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅವನ ಪ್ರಶ್ನೆಗೆ ಮಾತ್ರ ಮುಖವೆತ್ತಿದಳು. ಮೂರು ಜನ ತಮ್ಮಂದಿರು ಸರ್, ನಾನೇ ಎತ್ತಿ ಬೆಳೆಸಿದ್ದು, ಎಂಥ ಹಟದ ಮಗು ಆದ್ರೂ ನನ್ನ ಕೈಲಿ ಸುಮ್ಮನಾಗುತ್ತೆ ಎಂದಳು. ಒಳ್ಳೇದಮ್ಮಾ ಎಂದು ಅವನು ನಕ್ಕು, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಗುರುತು ಹಾಕಿದ್ದ.